ವಿಮಾನದೊಳಗಿನ ಮದ್ಯ: ಮಿತಿ ಯಾರ ಕೈಯಲ್ಲಿ?

2024ರ ಡಿಸೆಂಬರ್‌ನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಸೂರತ್‌ನಿಂದ ಬ್ಯಾಂಕಾಕ್‌ಗೆ ಮೊದಲ ಬಾರಿ ಹಾರಿದಾಗ ದೇಶವೆಲ್ಲ ನಕ್ಕಿತು. ಪಾನನಿಷೇಧದ ಗುಜರಾತಿನವರು ನಾಲ್ಕು ಗಂಟೆಯಲ್ಲಿ ವಿಮಾನದ ಮದ್ಯವನ್ನೆಲ್ಲ ಬರಿದು ಮಾಡಿದರಂತೆ, 15 ಲೀಟರ್ ಅಂತೆ, 1.8 ಲಕ್ಷ ರೂಪಾಯಿ ಅಂತೆ. ದಾಸ್ತಾನು ಮುಗಿದಿರಲಿಲ್ಲ ಎಂದು ಸಂಸ್ಥೆಯವರು ಹೇಳಿದ್ದು ಆ ನಗೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅದೇ ಸುದ್ದಿಗಳ ಪ್ರಕಾರ ವಿಮಾನದಲ್ಲಿದ್ದವರು ಸುಮಾರು 175 ಮಂದಿ. ಭಾಗಿಸಿದರೆ ತಲೆಗೆ 86 ಮಿಲಿಲೀಟರ್. ಮಂಗಳೂರಿನ ಬಾರಿನ ಮಾತಿನಲ್ಲಿ ಹೇಳುವುದಾದರೆ ಒಂದು ನೈಂಟಿಗೂ ಕಮ್ಮಿ. ಒಬ್ಬರಿಗೆ 100 ಮಿಲಿಗಿಂತ ಹೆಚ್ಚು ಕೊಡುವಂತಿಲ್ಲ ಎಂಬ ಮಿತಿಯೂ ಆ ಸುದ್ದಿಯಲ್ಲೇ ಇತ್ತು. ಅಂದರೆ ಹಗರಣವೆಂದು ಹಬ್ಬಿಸಿದ ಅಂಕಿ ಸರಾಸರಿಯಲ್ಲಿ ಮಿತಿಯೊಳಗೇ ಇತ್ತು. ಆದರೆ ಸರಾಸರಿಯನ್ನು ಕುಡಿಯುವವರು ಯಾರೂ ಇಲ್ಲ. ಅರ್ಧ ಜನ ಮುಟ್ಟದೇ ಇದ್ದರೆ ಉಳಿದರ್ಧ ದುಪ್ಪಟ್ಟು ಕುಡಿದಿರಬೇಕು. ಆ ಉಳಿದರ್ಧದಲ್ಲಿ ಯಾರಿಗೆ ಎಷ್ಟಾಯಿತೆಂದು ನೋಡುವವರು ಯಾರು? ವಿಮಾನದಲ್ಲಿ ಮದ್ಯದ ಮಿತಿಯ ಚರಿತ್ರೆ ಎಂದರೆ ಹೆಚ್ಚು ಕಡಿಮೆ ಈ ಪ್ರಶ್ನೆಗೆ ಉತ್ತರ ಹುಡುಕಿದ ಚರಿತ್ರೆ. ನಮ್ಮಲ್ಲಿ ಅದನ್ನು ಪೆಗ್ಗುಗಳ ಚರಿತ್ರೆ ಎಂದು ತಪ್ಪಾಗಿ ಓದುತ್ತಾರೆ.

ಮೊದಲ ಘಟ್ಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. 1936ರ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲಿ ಬಾರ್ ಇತ್ತು. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ಮುಂಬಯಿಯಿಂದ ಲಂಡನ್ನಿಗೆ ಹೊರಟ ಕಾಲದಲ್ಲಿ ಟಿಕೆಟ್ ಕೊಂಡವನು ಪ್ರಯಾಣಿಕನಿಗಿಂತ ಅತಿಥಿಯೇ ಆಗಿದ್ದ, ಅತಿಥಿಗೆ ಅಳೆದು ಕೊಡುವ ಪದ್ಧತಿ ಎಲ್ಲಿಯೂ ಇಲ್ಲ. ನಿಜವಾದ ತಿರುವು 1960ರಲ್ಲಿ ಅಮೆರಿಕದ ಸರ್ಕಾರ ಮಾಡಿದ ನಿಯಮ. ವಿಮಾನದಲ್ಲಿ ಸಂಸ್ಥೆಯವರು ಕೊಟ್ಟದ್ದನ್ನು ಬಿಟ್ಟು ತನ್ನ ಬಾಟಲಿಯಿಂದ ಯಾರೂ ಕುಡಿಯಕೂಡದು, ಅಮಲೇರಿದಂತೆ ಕಾಣುವವನಿಗೆ ಕೊಡಕೂಡದು, ಅಂಥವನನ್ನು ಹತ್ತಿಸಿಕೊಳ್ಳಲೂ ಕೂಡದು ಎಂದು ಅದು ಹೇಳಿತು. ಈ ಮೂರು ಮಾತುಗಳಲ್ಲಿ ಒಂದಾದರೂ ಮಿಲಿಲೀಟರ್ ಇಲ್ಲ. ಬಾಟಲಿ ಸಿಬ್ಬಂದಿಯ ಕೈಗೆ ಹೋಯಿತು, ಅಳತೆ ಅವರ ಕಣ್ಣಿಗೆ ಬಿಟ್ಟದ್ದಾಯಿತು. 1963ರ ಟೋಕಿಯೋ ಒಪ್ಪಂದ ವಿಮಾನದ ಕ್ಯಾಪ್ಟನ್‌ಗೆ ಪುಂಡನನ್ನು ಕಟ್ಟಿಹಾಕುವ, ಇಳಿಸುವ ಅಧಿಕಾರ ಕೊಟ್ಟಿತು. ಇನ್ನೊಂದು ದಾರಿ ಪೂರ್ಣ ನಿಷೇಧದ್ದು: ಪಾಕಿಸ್ತಾನದ ಪಿಐಎ 1977ರಲ್ಲಿ ನಿಲ್ಲಿಸಿತು, ಸೌದಿಯಾ ಮತ್ತು ಕುವೈತ್ ಏರ್‌ವೇಸ್ ಇಂದಿಗೂ ಕೊಡುವುದಿಲ್ಲ.

ಭಾರತ ಇವೆರಡರ ನಡುವೆ ತನ್ನದೇ ಆದ, ತುಸು ವಿಚಿತ್ರವಾದ ದಾರಿ ಹಿಡಿಯಿತು. ದೇಶದೊಳಗಿನ ಹಾರಾಟದಲ್ಲಿ ಮದ್ಯವಿಲ್ಲ, ಹೊರದೇಶಕ್ಕೆ ಹೋಗುವಾಗ ಉಂಟು. ಇದಕ್ಕೊಂದು ತರ್ಕವಿದೆ. ಸಂವಿಧಾನದಲ್ಲಿ ಮದ್ಯ ರಾಜ್ಯಪಟ್ಟಿಯ ವಿಷಯ; ವಿಮಾನವೋ ಒಂದೇ ಹಾರಾಟದಲ್ಲಿ ನಾಲ್ಕು ರಾಜ್ಯಗಳ ಮೇಲೆ ಹೋಗುತ್ತದೆ. 1993ರಲ್ಲಿ ಶುರುವಾದ ದಮಾನಿಯಾ ಏರ್‌ವೇಸ್ ದೇಶದೊಳಗೇ ಮದ್ಯ ಹಂಚಲು ಹೋಗಿ ಗದ್ದಲವೆದ್ದಿತು, ಅದು ಬಹಳ ಕಾಲ ನಡೆಯಲಿಲ್ಲ. ಈ ನೀತಿಯ ಸೊಗಸು ಪೂರ್ತಿ ಕಂಡದ್ದು 2005ರ ಮೇ ತಿಂಗಳಲ್ಲಿ, ಬಂಟ್ವಾಳ ಮೂಲದ ಮಲ್ಯ ಕುಟುಂಬದ ಕಿಂಗ್‌ಫಿಶರ್ ಏರ್‌ಲೈನ್ಸ್ ಹಾರತೊಡಗಿದಾಗ. ಬಿಯರ್ ಬಾಟಲಿಯ ಮೇಲಿದ್ದ ಮಿಂಚುಳ್ಳಿಯೇ ವಿಮಾನದ ಬಾಲದ ಮೇಲೂ ಕೂತಿತು. ಒಳಗೆ ಮಾತ್ರ ಆ ಬಿಯರಿನ ಒಂದು ಗುಟುಕೂ ಸಿಗುವಂತಿರಲಿಲ್ಲ. ಹೆಸರು ಹಾರಬಹುದು, ಸರಕು ಹಾರಬಾರದು! 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು–ಲಂಡನ್ ಹಾರಾಟ ಶುರುವಾದ ಮೇಲೆ ಆ ಸಂಸ್ಥೆಗೂ ಮದ್ಯ ಕೊಡುವ ಅವಕಾಶ ಬಂತು, 2012ರ ಅಕ್ಟೋಬರ್‌ನಲ್ಲಿ ಸಂಸ್ಥೆಯೇ ನೆಲಕಚ್ಚಿತು. ಮಂಗಳೂರಿಗೆ ಈ ಇಬ್ಬಗೆ ಹೊಸದಲ್ಲ. 1951ರ ಡಿಸೆಂಬರ್ 25ರಂದು ನೆಹರೂ ಡಕೋಟಾದಲ್ಲಿ ಬಂದಿಳಿದು ತೆರೆದ ಬಜಪೆ ನಿಲ್ದಾಣಕ್ಕೆ ಗಲ್ಫಿನ ನೇರ ಹಾರಾಟ ಬರಲು 2006ರ ವರೆಗೆ ಕಾಯಬೇಕಾಯಿತು. ಅಂದಿನಿಂದ ಅಲ್ಲಿಂದ ಎರಡು ಬಗೆಯ ಪ್ರಯಾಣಿಕರು ಹೊರಡುತ್ತಾರೆ: ಬೆಂಗಳೂರಿಗೆ ಒಂದು ಗಂಟೆ ನೀರು ಕುಡಿದು ಹೋಗುವವರು ಮತ್ತು ಮೂರೂವರೆ ಗಂಟೆ ಟ್ರಾಲಿಯ ದಾರಿ ಕಾಯುತ್ತ ದುಬೈಗೆ ಹೋಗುವವರು.

ಆ ಟ್ರಾಲಿಯನ್ನು ಹತ್ತಿರದಿಂದ ನೋಡಬೇಕು. 50 ಮಿಲಿಯ ಪುಟ್ಟ ಬಾಟಲಿಗಳು ಎಣಿಸಿ ಇಟ್ಟಿರುತ್ತವೆ. ಎಷ್ಟು ಏರಿತು, ಎಷ್ಟು ಖರ್ಚಾಯಿತು ಎಂಬುದಕ್ಕೆ ಚೀಟಿ ಇರುತ್ತದೆ. ಇಳಿಯುವ ಮುನ್ನ ಸೀಲ್ ಬೀಳುತ್ತದೆ. 189 ಸೀಟಿನ ವಿಮಾನಕ್ಕೆ, ಐವತ್ತು ಸೀಟಿಗೆ ಒಬ್ಬರಂತೆ, ಕಡ್ಡಾಯವಾಗಿ ನಾಲ್ವರು ಸಿಬ್ಬಂದಿ. ಊಟ, ನೀರು, ಅಳುವ ಮಗು, ಕಸ, ಇದರ ನಡುವೆ 23ನೇ ಸಾಲಿನವನಿಗೆ ಇದು ಮೂರನೆಯದೋ ನಾಲ್ಕನೆಯದೋ ಎಂದು ನೆನಪಿಡಬೇಕಾದವರೂ ಅವರೇ. ಈ ಕೆಲಸವನ್ನು ಒಂದು ವಿದ್ಯೆಯೆಂದು ಕಂಡವರು ವಿಮಾನ ಸಿಬ್ಬಂದಿಗೆ ಕಲಿಸಿದ ನನ್ನ ತಲೆಮಾರಿನ ತರಬೇತುದಾರರು. ಐಸ್ ಹೆಚ್ಚು ಹಾಕು, ಎರಡನೆಯದಕ್ಕೆ ಮೊದಲು ಊಟ ಕೊಡು, ಕರೆಗಂಟೆಗೆ ತುಸು ತಡವಾಗಿ ಹೋಗು, ಪಕ್ಕದ ಸೀಟಿನವರ ಮುಖ ನೋಡು. ಕರಾವಳಿಯ ಗಡಂಗಿನವನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ. ಯಾರಿಗೆ ಇನ್ನೊಂದು ಕುಡ್ತೆ ಕೊಡಬಾರದು ಎಂಬುದು ಅವನಿಗೆ ಗಿರಾಕಿಯ ನಡಿಗೆಯಲ್ಲೇ ಗೊತ್ತಾಗುತ್ತಿತ್ತು. ಆದರೆ ಗಡಂಗಿನವನು 'ಏಳು, ಮನೆಗೆ ಹೋಗು' ಎನ್ನಬಹುದಿತ್ತು. 35 ಸಾವಿರ ಅಡಿಯಲ್ಲಿ ಹಾಗೆನ್ನಲಾಗುವುದಿಲ್ಲ.

ಈ ವಿದ್ಯೆಗೆ ಕಾಗದದ ಬೆಂಬಲ ಸಿಕ್ಕಿದ್ದು ತಡವಾಗಿ. 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪುಂಡಾಟವನ್ನು ಮೂರು ದರ್ಜೆಯಾಗಿ ವಿಂಗಡಿಸಿತು: ಬಾಯಿಮಾತಿನದಕ್ಕೆ ಮೂರು ತಿಂಗಳ ತನಕ, ಮೈಮುಟ್ಟಿದ್ದಕ್ಕೆ ಆರು ತಿಂಗಳ ತನಕ, ಜೀವಕ್ಕೆ ಅಪಾಯ ತಂದದ್ದಕ್ಕೆ ಕನಿಷ್ಠ ಎರಡು ವರ್ಷ ಹಾರಾಟ ನಿಷೇಧ. 2022ರ ನವೆಂಬರ್ 26ರ ನ್ಯೂಯಾರ್ಕ್–ದೆಹಲಿ ಪ್ರಕರಣ, ಅಮಲಿನಲ್ಲಿದ್ದವನೊಬ್ಬ ವೃದ್ಧೆಯ ಮೇಲೆ ಮೂತ್ರ ಮಾಡಿದನೆಂಬ ಆರೋಪ, ಜನವರಿಯಲ್ಲಿ ಬಯಲಾಗಿ ಏರ್ ಇಂಡಿಯಾಕ್ಕೆ 30 ಲಕ್ಷ ರೂಪಾಯಿ ದಂಡ ಬಿತ್ತು, ಪೈಲಟ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ಅದಾದ ಮೇಲೆ ಸಂಸ್ಥೆ ಹೊರಡಿಸಿದ ಹೊಸ ನೀತಿಯಲ್ಲಿ ಹಸಿರು, ಹಳದಿ, ಕೆಂಪು ಎಂದು ಪ್ರಯಾಣಿಕನನ್ನು ಅಳೆಯುವ ಕ್ರಮವಿದೆ. ಕುಡುಕ ಎಂದು ಕರೆಯಬೇಡಿ, ದನಿ ಏರಿಸಬೇಡಿ, 'ಇದೊಂದು ಕೊನೆಯದು' ಎಂಬ ಮಾತಿಗೆ ಸೋಲಬೇಡಿ ಎಂಬ ಸೂಚನೆಗಳಿವೆ. ಇಂಥ ಕಾಗದ ಮೂವತ್ತು ವರ್ಷ ಮೊದಲೇ ಬರಬೇಕಿತ್ತು.

ಪೂರ್ತಿ ನಿಲ್ಲಿಸಿದರಾಯಿತಲ್ಲ, ಇಷ್ಟೆಲ್ಲ ಏಕೆ ಎಂಬ ಆಕ್ಷೇಪ ಮದ್ಯವರ್ಜನ ಶಿಬಿರಗಳ ನಮ್ಮ ಜಿಲ್ಲೆಯಲ್ಲಿ ಸಹಜವೇ. ಅದಕ್ಕೆ ವಿಜ್ಞಾನದ ಆಸರೆಯನ್ನೂ ಕೊಡುತ್ತಾರೆ. ಮೇಲೆ ಒಂದು ಪೆಗ್ ಕೆಳಗಿನ ಎರಡಕ್ಕೆ ಸಮ ಎಂಬ ಹಳೆಯ ನಂಬಿಕೆ ಪ್ರಯೋಗಕ್ಕೆ ನಿಲ್ಲಲಿಲ್ಲ. ಎತ್ತರದಿಂದ ರಕ್ತದ ಮದ್ಯಾಂಶವೇನೂ ಏರುವುದಿಲ್ಲ. ಆದರೆ 2024ರಲ್ಲಿ ಥೊರಾಕ್ಸ್ ಪತ್ರಿಕೆಯಲ್ಲಿ ಬಂದ ಜರ್ಮನ್ ಅಧ್ಯಯನವನ್ನು ತಳ್ಳಿಹಾಕುವಂತಿಲ್ಲ: 48 ಆರೋಗ್ಯವಂತರಲ್ಲಿ, ವಿಮಾನದೊಳಗಿನಷ್ಟೇ ಒತ್ತಡದಲ್ಲಿ ಕುಡಿದು ಮಲಗಿದವರ ರಕ್ತದ ಆಮ್ಲಜನಕ ಶೇ 85ರ ಆಸುಪಾಸಿಗೆ ಇಳಿದು ಹೃದಯಬಡಿತ ನಿಮಿಷಕ್ಕೆ 88ರ ಹತ್ತಿರ ಏರಿತು. ಹೃದ್ರೋಗಿಗೆ ಇದು ಸಣ್ಣ ಮಾತಲ್ಲ. ಹಾಗಿದ್ದರೂ ಟ್ರಾಲಿ ನಿಲ್ಲಿಸಿದ ಮಾತ್ರಕ್ಕೆ ಕುಡಿತ ನಿಲ್ಲುವುದಿಲ್ಲ. ಡ್ಯೂಟಿ ಫ್ರೀ ಚೀಲ ತಲೆಯ ಮೇಲಿನ ಗೂಡಿನಲ್ಲೇ ಇರುತ್ತದೆ; ಟ್ರಾಲಿಯಿಂದ ಕೊಟ್ಟದ್ದಕ್ಕಾದರೂ ಲೆಕ್ಕವಿದೆ, ಚೀಲದಿಂದ ಸುರಿದುಕೊಂಡದ್ದಕ್ಕೆ ಅದೂ ಇಲ್ಲ. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘಟನೆ ಐಎಟಿಎ ಪ್ರಕಾರ 2022ರಲ್ಲಿ 568 ಹಾರಾಟಕ್ಕೆ ಒಂದು, 2023ರಲ್ಲಿ 480ಕ್ಕೆ ಒಂದು ಪುಂಡಾಟದ ಪ್ರಕರಣ. ಇದನ್ನೇ ಕುಡುಕರ ಲೆಕ್ಕವೆಂದು ಭಾಷಣದಲ್ಲಿ ಬಳಸುವವರು, ಸಿಗರೇಟು ಸೇದಿದ್ದು, ಬೆಲ್ಟ್ ಕಟ್ಟದೇ ಇದ್ದದ್ದು ಕೂಡ ಅದರಲ್ಲಿ ಸೇರಿದೆಯೆಂಬುದನ್ನು ಬಿಟ್ಟುಬಿಡುತ್ತಾರೆ.

1960ರ ನಿಯಮದ ಮೂರನೆಯ ಮಾತು, ಅಮಲೇರಿದವನನ್ನು ಹತ್ತಿಸಬೇಡಿ ಎಂಬುದು, ನೆಲದ ಮೇಲಿನವರಿಗೆ ಹೇಳಿದ್ದು. ವಿಮಾನದ ಮದ್ಯದ ಬಗೆಗಿನ ಬರವಣಿಗೆ ಬಡವಾಗಿರುವುದೂ ಅಲ್ಲೇ. ಬ್ರಿಟನ್ನಿನಲ್ಲಿ ಭದ್ರತಾ ತಪಾಸಣೆ ದಾಟಿದ ಮೇಲಿನ ಬಾರುಗಳು 2003ರ ಮದ್ಯಪರವಾನಗಿ ಕಾಯ್ದೆಯ ಹೊರಗೇ ಉಳಿದಿವೆ. 2024ರಲ್ಲಿ ರಯಾನೇರ್‌ನ ಮುಖ್ಯಸ್ಥರು ನಿಲ್ದಾಣದಲ್ಲಿ ತಲೆಗೆ ಎರಡೇ ಡ್ರಿಂಕ್ ಎಂದು ಕೇಳಿದ್ದರಲ್ಲಿ ವ್ಯಾಪಾರಿಯ ಜಾಣತನವಿದ್ದರೂ ಬೆರಳು ತೋರಿದ ಜಾಗ ಸರಿ. ದೇರೆಬೈಲ್‌ನಿಂದ ಕಾವೂರು ಹಾದು, ಮರವೂರು ಸೇತುವೆ ದಾಟಿ, ಕೆಂಜಾರಿನ ಗುಡ್ಡ ಏರುವ ದಾರಿಯಲ್ಲಿ ಗಲ್ಫಿಗೆ ಹೊರಟವನು ಬೀಳ್ಕೊಡುಗೆಯ ಹೆಸರಲ್ಲಿ ಎಲ್ಲಿ ಎಷ್ಟು ಕುಡಿದ ಎಂಬುದು ಟ್ರಾಲಿಯ ಚೀಟಿಯಲ್ಲಿ ಬರುವುದಿಲ್ಲ. ಗೇಟಿನಲ್ಲಿ ಬೋರ್ಡಿಂಗ್ ಪಾಸ್ ನೋಡುವವನ ಮುಂದಿರುವುದು ಹೊರಡುವ ಹೊತ್ತಿನ ಗಡಿಯಾರ. ಒಬ್ಬನನ್ನು ತಡೆದರೆ ವಿಮಾನದ ಹೊಟ್ಟೆಯೊಳಗೆ ಸೇರಿದ ಅವನ ಪೆಟ್ಟಿಗೆಯನ್ನು ಹುಡುಕಿ ಇಳಿಸಬೇಕು, ವಿಮಾನ ತಡವಾಗುತ್ತದೆ, ತಡವಾದದ್ದಕ್ಕೆ ಗೇಟಿನವನೇ ಉತ್ತರ ಕೊಡಬೇಕು. ಹತ್ತಿಸಿದರೆ ಯಾರೂ ಕೇಳುವುದಿಲ್ಲ. ಮೊದಲ 50 ಮಿಲಿ ಸುರಿಯುವಾಗ ಗಗನಸಖಿಯ ಚೀಟಿಯಲ್ಲಿ ಆ ಪ್ರಯಾಣಿಕನ ಲೆಕ್ಕ ಸೊನ್ನೆಯಿಂದಲೇ ಶುರುವಾಗುತ್ತದೆ.