ಲೆಕ್ಕ ಬರೆದವಳು, ಅನ್ನ ಬಡಿಸಿದವಳು

ಧಾರಾವಾಹಿ ನೋಡುವವರಿಗೆ ಬೇರೆ ಕೆಲಸವಿಲ್ಲ ಎಂದು ಹಂಗಿಸುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ಪತ್ರಿಕೆಯ ಮರೆಯಿಂದ ಅವರ ಒಂದು ಕಣ್ಣೂ ಟೀವಿಯ ಮೇಲೇ ಇರುತ್ತದೆ ಎಂಬುದು ಬೇರೆ ಮಾತು. ಬುದ್ಧಿಯನ್ನು ಬದಿಗಿಟ್ಟು ನಾವೇನೂ ನೋಡುವುದಿಲ್ಲ. ಒಲೆಯ ಮುಂದೆಯೂ ಜರತಾರಿ ಸೀರೆ ಉಟ್ಟಿರುವ ಅತ್ತೆ, ತನ್ನ ಸಂಚನ್ನೆಲ್ಲ ತಾನೇ ಗಟ್ಟಿಯಾಗಿ ಹೇಳಿಕೊಳ್ಳುವ ಓರಗಿತ್ತಿ, ಯಾರೋ ಒಂದು ಮಾತಾಡಿದರೆ ಸರದಿಯಂತೆ ತೋರಿಸುವ ಎಲ್ಲರ ಮುಖ, ಇವನ್ನು ಕಂಡು ಮೊದಲು ನಗುವವರೇ ನಾವು. ಆದರೆ ಇಷ್ಟು ವರ್ಷ ನೋಡಿ ನೋಡಿ ನನಗೊಂದು ಅಭ್ಯಾಸ ಅಂಟಿಕೊಂಡಿದೆ. ಯಾವ ಕಥೆಯಾದರೂ ಸರಿ, ಆ ಮನೆಯಲ್ಲಿ ದುಡಿಯುವವರು ಯಾರು, ದುಡಿಮೆ ಯಾರ ಹೆಸರಿನಲ್ಲಿದೆ ಎಂದು ಹುಡುಕುತ್ತೇನೆ.

ಇದಕ್ಕೆ ನಮ್ಮ ಕಡೆಯ ಬದುಕೇ ಕಾರಣವಿರಬೇಕು. ನಮ್ಮದು ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರು. ಈ ಸೀಮೆಯಲ್ಲಿ ರೇಷ್ಮೆ ಹುಳು ಸಾಕುವ ಮನೆಗಳು ಬಹಳ. ಹುಳುಗಳು ನಾಲ್ಕನೇ ಜ್ವರದಿಂದ ಎದ್ದವೆಂದರೆ ಹಗಲೂ ರಾತ್ರಿ ಸೊಪ್ಪು ಹಾಕಬೇಕು. ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ದಿನಗಳಲ್ಲಿ ಹೆಂಗಸರಿಗೆ ಧಾರಾವಾಹಿಯೂ ಇಲ್ಲ, ನಿದ್ದೆಯೂ ಇಲ್ಲ. ಗೂಡು ರಾಮನಗರದ ಮಾರುಕಟ್ಟೆಗೆ ಹೊರಟಾಗ ಜೊತೆಗೆ ಹೋಗುವವರು ಮಾತ್ರ ಹೆಚ್ಚಾಗಿ ಗಂಡಸರು. ಮಾರಾಟದ ಚೀಟಿಯಲ್ಲಿರುವುದೂ ಬಹುಮಟ್ಟಿಗೆ ಅವರದೇ ಹೆಸರು.

ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಶಂಕರ್‌ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಬಂದದ್ದೂ ಅದೇ ದಶಕದಲ್ಲಿ. ಆಗುಂಬೆಯ ಮನೆ, ಆಗುಂಬೆಯ ಮಳೆ, ನಟರಲ್ಲಿ ಅನೇಕರು ನಮ್ಮವರೇ. ಮಾತು ಮಾತ್ರ ಹಿಂದಿ. ಸ್ವಾಮಿಯ ತಂದೆಯಾಗಿ ಗಿರೀಶ್ ಕಾರ್ನಾಡ್, ತಾಯಿಯಾಗಿ ವೈಶಾಲಿ ಕಾಸರವಳ್ಳಿ. ಆ ತಾಯಿಯ ಹೆಸರೇನೆಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅವಳು ಸ್ವಾಮಿಯ ಅಮ್ಮ, ಅಷ್ಟೆ. ಹಾಗೆ ಅಮ್ಮನಾಗಿದ್ದ ವೈಶಾಲಿಯವರೇ ಮುಂದೆ ಈಟಿವಿ ಕನ್ನಡ ವಾಹಿನಿಗೆ ‘ಮೂಡಲ ಮನೆ’ ನಿರ್ದೇಶಿಸಿದರು. ತೆರೆಯ ಮೇಲೆ ಹೆಸರಿಲ್ಲದವಳು ಕಥೆಗೇ ಯಜಮಾನಿಯಾದಳು ಎಂದು ನನಗೆ ಒಳಗೊಳಗೇ ಹಿಗ್ಗು.

1998ರಲ್ಲಿ ಟಿ.ಎನ್. ಸೀತಾರಾಂ ಮತ್ತು ಅವರ ಗೆಳೆಯರ ‘ಮಾಯಾಮೃಗ’ ದೂರದರ್ಶನದ ಚಂದನದಲ್ಲಿ ಬಂದಾಗ, ವಾರಕ್ಕೊಮ್ಮೆ ಕಾಯುತ್ತಿದ್ದವರು ದಿನವೂ ಕಾಯುವಂತಾಯಿತು. ದಿನದ ಕಥೆಗೆ ಒಂದು ಪೇಚಿದೆ, ನೋಡಿ. ನಾಯಕಿಯ ಕಷ್ಟ ತೀರಿದರೆ ಕಥೆಯೂ ತೀರಿಹೋಗುತ್ತದೆ. ಆದ್ದರಿಂದ ಅವಳು ಅಳುತ್ತಲೇ ಇರಬೇಕು.

ಇದಕ್ಕೆ ಹೊರತಾಗಿ ನಿಂತವಳು ‘ಗೃಹಭಂಗ’ದ ನಂಜಮ್ಮ. ಎಸ್.ಎಲ್. ಭೈರಪ್ಪನವರ 1970ರ ಕಾದಂಬರಿಯನ್ನು ಗಿರೀಶ್ ಕಾಸರವಳ್ಳಿ ಈಟಿವಿಗಾಗಿ ಧಾರಾವಾಹಿ ಮಾಡಿದರು. ಮಾಳವಿಕಾ ನಂಜಮ್ಮನಾಗಿದ್ದರು. ಗಂಡ ಚೆನ್ನಿಗರಾಯ ಹೊಟ್ಟೆಬಾಕ, ಅತ್ತೆ ಗಂಗಮ್ಮನ ಬಾಯಿ ಕೇಳುವುದೇ ಬೇಡ. ಶಾನುಭೋಗಿಕೆ ಗಂಡನ ಹೆಸರಿನಲ್ಲಿ. ಲೆಕ್ಕ ಬರೆಯುವುದು ನಂಜಮ್ಮ. ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುತ್ತಾಳೆ. ಪ್ಲೇಗು ಮಕ್ಕಳನ್ನೂ ಒಯ್ಯುತ್ತದೆ, ಕೊನೆಗೆ ಅವಳನ್ನೂ. ಅಷ್ಟೆಲ್ಲ ದುಃಖದಲ್ಲೂ ಅವಳು ನಮ್ಮ ಕನಿಕರಕ್ಕೆ ಕೈಚಾಚಿದವಳಲ್ಲ. ಅವಳಿಗೆ ಮಾಡಲು ಕೆಲಸವಿತ್ತು.

ಅದೇ ಕಾಸರವಳ್ಳಿಯವರ ಸಿನಿಮಾ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯನ್ನು ಆಧರಿಸಿದ್ದು. ಅದರಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಟೀವಿ ಬರುತ್ತದೆ, ನೋಡಲು ಊರಿನ ಹೆಂಗಸರೆಲ್ಲ ಬರುತ್ತಾರೆ. ಆ ಪಾತ್ರಕ್ಕೆ ಉಮಾಶ್ರೀಯವರಿಗೆ 2007ನೇ ಸಾಲಿನ ರಾಷ್ಟ್ರಪ್ರಶಸ್ತಿ ಬಂತು. ಟೀವಿ ನೋಡುವ ಹೆಂಗಸಾಗಿದ್ದ ಅವರು 2021ರಲ್ಲಿ ತಾವೇ ಟೀವಿಯೊಳಗೆ ಬಂದು ಪುಟ್ಟಕ್ಕನಾದರು. ಜೀ ಕನ್ನಡದ ‘ಪುಟ್ಟಕ್ಕನ ಮಕ್ಕಳು’ ನಿಮಗೂ ನೆನಪಿರಬೇಕು. ಗಂಡು ಹೆರಲಿಲ್ಲವೆಂದು ಗಂಡ ಬಿಟ್ಟುಹೋದ. ಪುಟ್ಟಕ್ಕ ಮೆಸ್ ನಡೆಸಿ, ಅನ್ನ ಬಡಿಸಿ, ಮೂವರು ಹೆಣ್ಣುಮಕ್ಕಳನ್ನು ಸಾಕಿದಳು. ನಂಜಮ್ಮನ ಲೆಕ್ಕದ ಪುಸ್ತಕ ಗಂಡನದು. ಪುಟ್ಟಕ್ಕನ ಮೆಸ್ ಪುಟ್ಟಕ್ಕನದೇ. ಈ ಎರಡು ಕಥೆಗಳ ನಡುವೆ ನಮ್ಮ ಹೆಂಗಸರು ನಡೆದ ದಾರಿ ಸಣ್ಣದಲ್ಲ.

ಪುಟ್ಟಕ್ಕನ ನಡುವಿನ ಮಗಳು ಸ್ನೇಹಾಗೆ ಜಿಲ್ಲಾಧಿಕಾರಿಯಾಗುವ ಕನಸು. 2024ರಲ್ಲಿ ಆ ಪಾತ್ರವನ್ನು ಸಾಯಿಸಿದರು. ಪಾತ್ರ ಮಾಡುತ್ತಿದ್ದ ನಟಿ ಓದು ಮುಂದುವರಿಸಲೆಂದು ಧಾರಾವಾಹಿ ಬಿಟ್ಟಿದ್ದರಂತೆ. ನಂಜಮ್ಮನ ಸಾವು ಕಥೆ ಕೇಳಿದ ಸಾವು. ಇದು ಅನುಕೂಲಕ್ಕೆ ಬಂದ ಸಾವು. ಓದಲು ಹೋದ ಹುಡುಗಿಯ ಬಗ್ಗೆ ನನಗೆ ಸಂತೋಷವೇ. ಆದರೆ ಓದುವ ಹುಡುಗಿಯ ಪಾತ್ರವನ್ನೂ ಎಲ್ಲಿಗಾದರೂ ಓದಲು ಕಳುಹಿಸಬಹುದಿತ್ತಲ್ಲ? ಅವಳನ್ನು ದಿನವೂ ನೋಡುತ್ತಿದ್ದ ಹೆಣ್ಣುಮಕ್ಕಳು ನನ್ನ ತರಗತಿಯಲ್ಲೂ ಕೂತಿದ್ದರು. ಮಾರನೆಯ ದಿನ ಒಬ್ಬಳು ಕೇಳಿದಳು: “ಮಿಸ್, ಓದಿದೋಳನ್ನೇ ಯಾಕೆ ಸಾಯಿಸಿದ್ರು?”

ಅದು ಕಥೆ ಬರೆದವರ ಕೈಯಲ್ಲಿತ್ತು ಕಣಮ್ಮ, ನಿನ್ನ ಕಥೆ ನಿನ್ನ ಕೈಯಲ್ಲಿದೆ, ಪಾಠ ತೆಗಿ ಎಂದೆ. ಆ ಹುಡುಗಿಯ ಮನೆಯಲ್ಲೂ ಹುಳು ಮೇಯಿಸುತ್ತಾರೆ. ಬೆಳಿಗ್ಗೆ ಸೊಪ್ಪು ಹಾಕಿಯೇ ಶಾಲೆಗೆ ಬರುತ್ತಾಳೆ.