ಒಂದೇ ವಿಕೆಟ್ಟಿನಿಂದ ಗೆದ್ದ ಕಪ್ಪು ಯಾರದು?

ನೌಕರಿ ಪರೀಕ್ಷಾದ ಪುಸ್ತಕದಾಗ ಒಂದು ಪ್ರಶ್ನೆ ಮ್ಯಾಲಿಂದ ಮ್ಯಾಲ ಬರ್ತದ: ಕರ್ನಾಟಕ ಮೊದಲನೇ ಸಲ ರಣಜಿ ಟ್ರೋಫಿ ಗೆದ್ದದ್ದು ಯಾವಾಗ? ಉತ್ತರ 1973-74. ಅದರಾಗ ತಪ್ಪೇನೂ ಇಲ್ಲ. ಆದ್ರ ಬೀದರ, ಭಾಲ್ಕಿ, ಔರಾದ ಕಡಿ ಮಂದಿ ‘ನಮ್ಮ ಟೀಮು ಮೊದಲನೇ ಸಲ ಯಾವಾಗ ಗೆದ್ದಿತು’ ಅಂತ ಕೇಳಿದ್ರ ಉತ್ತರ ಬ್ಯಾರೆ ಆಗ್ತದ. ಅದಕ್ಕ ಇನ್ನೂ 36 ವರ್ಷ ಹಿಂದ, 1937-38ರ ಹಂಗಾಮಿನ ಕಡೀ ಪಂದ್ಯಕ್ಕ ಹೋಗ್ಬೇಕು. ಆ ವರ್ಷ ರಣಜಿ ಗೆದ್ದದ್ದು ಹೈದರಾಬಾದ. ಆಗ ನಾವು ಹೈದರಾಬಾದ ಸಂಸ್ಥಾನದ ಮಂದಿ.

ನಮ್ಮ ಮುತ್ತ್ಯಾ ಈ ಪಂದ್ಯದ ಅಂಕಿ ಸಾಯೋ ತನಕ ಬಾಯಿಪಾಠ ಇಟ್ಟಿದ್ದ. ಅವನು ಔರಾದ ತಾಲೂಕಿನವ. ಔರಾದ ಊರಿಗೆ ಇವತ್ತಿಗೂ ರೈಲಿಲ್ಲ, ಹಂಗಾಗಿ ಕಮಲನಗರ ಟೇಶನ್ ತನಕ ಬಂಡ್ಯಾಗ ಬಂದು, ಅಲ್ಲಿಂದ ರೈಲು ಹತ್ತಿ ಬೀದರಕ್ಕ ಬಂದು ಉರ್ದು ಶಾಲ್ಯಾಗ ಕಲ್ತವ. ಆಗ ಸರಕಾರದ ಭಾಷಾ ಉರ್ದು, ಬಜಾರದಾಗ ಓಡೋದು ನಿಜಾಮನ ಹಾಲಿ ಸಿಕ್ಕಾ, ಟಪಾಲು ಭೀ ನಿಜಾಮಂದೇ. ಸುದ್ದಿ ಬರೋದು ಬೆಂಗ್ಳೂರಿಂದ ಅಲ್ಲ, ವಿಕಾರಾಬಾದ ಕಡಿಂದ ಬರೋ ರೈಲಿನಾಗ, ಹೈದರಾಬಾದದ ಉರ್ದು ಪತ್ರಿಕಾದಾಗ. ಮೈಸೂರಂದ್ರ ಆಗಿನ ಬೀದರ ಹುಡುಗುರಿಗೆ ಪರದೇಶ ಇದ್ದಂಗ.

ಕ್ರಿಕೆಟ್ಟಿನಾಗ ಭೀ ಹಂಗೇ ಇತ್ತು. ರಣಜಿ ಟ್ರೋಫಿ ಸುರು ಆದದ್ದು 1934ರಾಗ. ಆ ವರ್ಷ ನವೆಂಬರ್ 4ಕ್ಕ ಚೆನ್ನೈದ ಚೆಪಾಕದಾಗ ಮೊದಲನೇ ಪಂದ್ಯ ಮದ್ರಾಸ ಮತ್ತ ಮೈಸೂರು ನಡುವ ಆಯ್ತು, ಒಂದೇ ದಿನದಾಗ ಮೈಸೂರು ಸೋತು ಮುಗೀತು. ಅದೇ ಮೈಸೂರು ಟೀಮು ಮುಂದ ಕರ್ನಾಟಕ ಟೀಮಾಯ್ತು. ಅದೇ ಹಂಗಾಮಿನಾಗ ಹೈದರಾಬಾದದ ಸಯ್ಯದ್ ಮಹಮ್ಮದ್ ಹಾದಿ ಮದ್ರಾಸ ಮ್ಯಾಲ ಔಟಾಗದೆ 132 ಹೊಡದ. ರಣಜಿ ಚರಿತ್ರಾದಾಗ ಅದು ಮೊಟ್ಟಮೊದಲನೇ ಶತಕ. ಈ ಹಾದಿ ಒಂದೇ ಆಟದವನಲ್ಲ. 1924ರ ಪ್ಯಾರಿಸ್ ಒಲಿಂಪಿಕ್ಕಿನಾಗ ಟೆನಿಸ್ ಆಡಿ ಬಂದವ. ಕಾಮನಬಿಲ್ಲಿನ ಬಣ್ಣದಷ್ಟು ಆಟ ಬರ್ತಾವ ಅಂತ ಅವನಿಗೆ ‘ರೇನ್‌ಬೋ ಹಾದಿ’ ಅಂತಿದ್ರು. ಆ ಕಾಲದಾಗ ರಣಜಿ ಆಡಿದ್ರ ಹೊಟ್ಟಿ ತುಂಬ್ತಿರಲಿಲ್ಲ. ಒಂದೋ ಮನಿ ಕಡಿ ಅನುಕೂಲ ಇರಬೇಕು, ಇಲ್ಲಂದ್ರ ಎಲ್ಲರೆ ನೌಕರಿ, ಇಲ್ಲಾ ರಾಜಾ-ನವಾಬರ ಆಸರ. ಆಟ ಅನ್ನೋದು ಹವ್ಯಾಸ, ಉದ್ಯೋಗ ಅಲ್ಲ.

1937-38ರ ಫೈನಲ್‌ದಾಗ ಹೈದರಾಬಾದದ ಎದುರಿಗೆ ನವಾನಗರ. ಈಗಿನ ಗುಜರಾತದ ಜಾಮನಗರ ಕಡಿ ಸಂಸ್ಥಾನ ಅದು. ರಣಜಿತಸಿಂಹ ಆಳಿದ ಸಂಸ್ಥಾನವೇ ಅದು, ಟ್ರೋಫಿಗೆ ಇಟ್ಟ ಹೆಸರೂ ಅವನದೇ. ಅಂದ್ರ ಹೆಸರಿನವರ ಮನೀ ಟೀಮು. ಹಿಂದಿನ ವರ್ಷ ಕಪ್ಪು ಗೆದ್ದವರೂ ಅವರೇ. ಅಮರಸಿಂಗ್, ವಿನೂ ಮಂಕಡ್‌ನಂಥಾ ಆಟಗಾರರಿಗೆ ಆಸರ ಕೊಟ್ಟ ಸಂಸ್ಥಾನ. ಹೈದರಾಬಾದಕ್ಕ ಸಯ್ಯದ್ ಮಹಮ್ಮದ್ ಹುಸೇನ ಕಪ್ತಾನ.

ನವಾನಗರ ಮೊದಲನೇ ಸರದಿಯಾಗ 152 ಮಾಡಿತು. ಹೈದರಾಬಾದ 113ಕ್ಕೇ ಕುಂತುಬಿಟ್ಟಿತು, 39 ಹಿಂದ. ಎರಡನೇ ಸರದಿಯಾಗ ನವಾನಗರ 270 ಕೂಡಿಸಿತು. ಗೆಲ್ಲಾಕ 310 ಬೇಕು. ಜರಾ ಹಿಸಾಬು ಹಾಕಿ ನೋಡ್ರಿ. ಆ ಪಂದ್ಯದ ಮೊದಲಿನ ಮೂರೂ ಸರದಿಯಾಗ ಯಾರೂ 300 ಮುಟ್ಟಿರಲಿಲ್ಲ. ಆಗ ಪಿಚ್ಚಿಗೆ ಮುಚ್ಚಿಗಿ ಹಾಕೋ ಪದ್ಧತಿ ಇರಲಿಲ್ಲ, ದಿನಾ ತುಳದು ತುಳದು ಕಡೀ ಸರದಿ ಬರೋದ್ರಾಗ ನೆಲ ಕೆಟ್ಟಿರ್ತಿತ್ತು. 113ಕ್ಕ ಬಿದ್ದ ಟೀಮು ಅಂಥಾ ನೆಲದ ಮ್ಯಾಲ 310 ಹೊಡೀತದ ಅಂತ ಯಾರು ನಂಬ್ತಾರ?

ಎಡುಲ್ಜಿ ಐಬರಾ ಅಂತ ಒಬ್ಬ ಪಾರ್ಸಿ ಹುಡುಗ ನಿಂತ. ಎಲ್ಲಾರೂ ಎಡ್ಡಿ ಅಂತಿದ್ರು. ಒಂದು ಕಡಿ ವಿಕೆಟ್ ಬೀಳ್ತಾ ಹೋದ್ವು, ಇನ್ನೊಂದು ಕಡಿ ಅವ ಅಲ್ಲಾಡಲಿಲ್ಲ. ಒಂಬತ್ತು ಮಂದಿ ಹೊಳ್ಳಿ ಬಂದ್ರು. ಕಡೀ ಜೋಡಿ ಅಷ್ಟೇ ಉಳೀತು. ಇನ್ನೊಂದು ಹೋಗಿದ್ರ ಕಪ್ಪು ಹೊಳ್ಳಿ ನವಾನಗರಕ್ಕೇ. ಆ ಜೋಡಿ ಬೀಳಲಿಲ್ಲ. ಹೈದರಾಬಾದ 9 ವಿಕೆಟ್ಟಿಗೆ 310. ಅದರಾಗ ಐಬರಾನವೇ 137, ಔಟಾಗದೆ. ಉಳಿದವರೆಲ್ಲಾ ಮತ್ತ ಬೈ-ಗೀಯಿ ಎಲ್ಲಾ ಸೇರಿ 173. ಗೆದ್ದದ್ದು ಒಂದು ವಿಕೆಟ್ಟಿನಿಂದ. ಹೈದರಾಬಾದಕ್ಕ ರಣಜಿ ಕಪ್ಪು ಅದೇ ಮೊದಲು. ಮುಂದ ಐಬರಾ ಭಾಳ ವರ್ಷ ಆಡಿದ, ಆಡೋದು ಬಿಟ್ಟ ಮ್ಯಾಲ ಹೈದರಾಬಾದದ ಹುಡುಗುರಿಗೆ ಆಟ ಕಲಿಸಿದ.

ಮುತ್ತ್ಯಾ ಇದನ್ನ ಹೇಳೋವಾಗ 113 ಅಂದಾಗ ದನಿ ಇಳಿಸ್ತಿದ್ದ, 137 ಅಂದಾಗ ಎದಿ ಉಬ್ಬಿಸ್ತಿದ್ದ. ಅದಕ್ಕ ನಮ್ಮ ಆಯಿ ರೊಟ್ಟಿ ಬಡಿಯೋ ಜಗಾದಿಂದೇ ಒಂದು ಮಾತು ಅಂತಿದ್ದಳು: “ಕಪ್ಪು ಹೈದರಾಬಾದಕ್ಕ ಹೋಯ್ತು, ಜ್ವಾಳ ನಮ್ಮಿಂದ ಹೋಯ್ತು. ನಿಮಗೇನು ಬಂತು?”

ಆಯಿ ಶಾಲಿ ಕಲ್ತವಳಲ್ಲ, ಆದ್ರ ಆ ಮಾತಿನಾಗ ಇತಿಹಾಸ ಅದ. ಹೈದರಾಬಾದದಾಗ ಕ್ರಿಕೆಟ್ ಬೆಳಿಸಿದವರು ಅಲ್ಲಿನ ಶ್ರೀಮಂತ ಮನಿತನದವರು. ಅವರಾಗ ದೊಡ್ಡ ಹೆಸರು ನವಾಬ ಮೊಯಿನುದ್ದೌಲಾ. 1930-31ರಾಗ ಸುರು ಆದ ಮೊಯಿನುದ್ದೌಲಾ ಗೋಲ್ಡ್ ಕಪ್ಪು ಅವರ ಹೆಸರಿನದೇ. ರಣಜಿ ಹುಟ್ಟೋಕಿಂತ ಮೊದಲೇ ದೇಶದ ನಾಮಿ ಆಟಗಾರರೆಲ್ಲ ಅದನ್ನ ಆಡ್ಲಾಕ ಸಿಕಂದರಾಬಾದಕ್ಕ ಬರ್ತಿದ್ರು. ಅವರೊಂದಿಗೆ ಆಡಿ ಆಡಿನೇ ಹೈದರಾಬಾದದ ಹುಡುಗುರು ಗಟ್ಟಿ ಆದ್ರು. ಮೊಯಿನುದ್ದೌಲಾ ಪಾಯಗಾ ಮನಿತನದವರು. ಅವರ ತಂದಿ ಆಸ್ಮಾನ್ ಜಾ 1887ರಿಂದ 1894ರ ತನಕ ನಿಜಾಮನ ದಿವಾನ. ಪಾಯಗಾ ಅಂದ್ರ ನಿಜಾಮನ ಕೈಕೆಳಗ ದೊಡ್ಡ ದೊಡ್ಡ ಜಹಗೀರು ಇದ್ದ ಮನಿತನಗೋಳು. ಅವರ ಊರುಗೋಳು ಸಂಸ್ಥಾನದ ತುಂಬಾ ಹರಡಿದ್ವು. ನಮ್ಮ ಜಿಲ್ಲಾದಾಗ ಭೀ ಇದ್ವು, ಚಿಟಗುಪ್ಪಾ ಕಡಿ ಹಿರಿಯರಿಗೆ ‘ಪಾಯಗಾ’ ಅನ್ನೋ ಮಾತು ಇನ್ನೂ ನೆನಪದ. ಪಾಯಗಾದ ಆದಾಯ ಅಂದ್ರ ರೈತರ ಹೊಲದ ಕಂದಾಯ. ನವಾಬರ ಮೈದಾನದ ಹಸಿರು ಹುಲ್ಲಿನ ಹಿಂದ ಎಲ್ಲೋ ಒಬ್ಬ ರೈತ ಜ್ವಾಳ ಮಾರಿ ದಸ್ತು ಕಟ್ಟಿದ್ದು ಇದ್ದೇ ಇರ್ತದ. ಆಟ ಇದ್ದದ್ದು ಹೈದರಾಬಾದ-ಸಿಕಂದರಾಬಾದ ಶಹರದಾಗ. ಹಳ್ಳಿಗೆ ಬಂದದ್ದು ಅದರ ಸುದ್ದಿ ಅಷ್ಟೇ. ನಮ್ಮ ಹುಡುಗುರು ಆಡ್ತಿದ್ದದ್ದು ಚಿಣ್ಣಿ-ದಾಂಡು.

ಆಮ್ಯಾಲ ನಕಾಶೆನೇ ಬದಲಾಯ್ತು. 1948ರ ಸೆಪ್ಟೆಂಬರದಾಗ ನಿಜಾಮನ ಆಡಳಿತ ಮುಗೀತು. 1956ರ ನವೆಂಬರ್ 1ಕ್ಕ ಹೈದರಾಬಾದ ರಾಜ್ಯ ಮೂರು ತುಂಡಾಯ್ತು: ಕನ್ನಡದ ಜಿಲ್ಲಾಗಳು ಮೈಸೂರಿಗೆ, ಮರಾಠಿಯವು ಮುಂಬೈಗೆ, ತೆಲುಗಿನವು ಆಂಧ್ರಕ್ಕ. ಬೀದರ ಜಿಲ್ಲಾ ಒಂದರಾಗೇ ಮೂರೂ ತುಂಡು ಕಾಣ್ತಿದ್ವು. ಉದಗೀರ, ನಿಲಂಗಾ, ಅಹಮದಪುರ ಮುಂಬೈ ಕಡಿ ಹೋದ್ವು. ನಾರಾಯಣಖೇಡ, ನ್ಯಾಳಕಲ್ ಮತ್ತ ಜಹೀರಾಬಾದದ ಹೆಚ್ಚಿನ ಭಾಗ ಆಂಧ್ರಕ್ಕ ಹೋದ್ವು. ಬೀದರ, ಭಾಲ್ಕಿ, ಔರಾದ, ಹುಮನಾಬಾದ, ಬಸವಕಲ್ಯಾಣ ಇತ್ತ ಬಂದ್ವು. ಆಯಿ ತವರು ಭಾಲ್ಕಿ, ಅವಳ ಅಕ್ಕನ ಮನಿ ಉದಗೀರ. ಒಂದೇ ರೈಲಿನ ಹಾದಿ ಮ್ಯಾಲಿನ ಎರಡೂರು, ಒಂದು ರಾತ್ರಿ ಕಳದು ಮುಂಜಾನಿ ಆಗೋದ್ರಾಗ ಎರಡು ರಾಜ್ಯ.

ಒಂದು ವಿಚಿತ್ರ ನೋಡ್ರಿ. ಸೋತ ನವಾನಗರ ಟೀಮು ಭೀ ಈಗಿಲ್ಲ, ಅದು ಸೌರಾಷ್ಟ್ರದಾಗ ಸೇರಿ ಹೋಯ್ತು. ಗೆದ್ದ ಹೈದರಾಬಾದ ರಾಜ್ಯ ಇಲ್ಲ, ಆದ್ರ ಹೈದರಾಬಾದ ಟೀಮು ಉಳೀತು. ಇವತ್ತಿಗೂ ಅದೇ ಹೆಸರಿನಿಂದ ರಣಜಿ ಆಡ್ತದ. ರಾಜ್ಯ ಸತ್ತರೂ ಸ್ಕೋರ್ ಕಾರ್ಡಿನಾಗ ಹೆಸರು ಬದುಕ್ಯದ. ಮುತ್ತ್ಯಾನಿಗೆ ಅಷ್ಟು ಸಾಕಿತ್ತು.

ನಮ್ಮ ಕಾಕಾಗ ಸಾಕಾಗಲಿಲ್ಲ. ಅವ ಹುಟ್ಟಿದ್ದು 1952ರಾಗ, ಕನ್ನಡ ಶಾಲ್ಯಾಗ ಕಲ್ತವ. 1974ರಾಗ ಪ್ರಸನ್ನ ಕಪ್ತಾನಿಯಾಗ ಕರ್ನಾಟಕ ಮೊದಲು ಬೆಂಗ್ಳೂರಿನಾಗ ಮುಂಬೈಗೆ ಸೋಲಿಸಿ, ಆಮ್ಯಾಲ ಜೈಪುರದಾಗ ರಾಜಸ್ಥಾನಕ್ಕ ಸೋಲಿಸಿ ಕಪ್ಪು ತಂದಾಗ ಕಾಕಾ ಪೇಢಾ ಹಂಚಿದ. ಮುತ್ತ್ಯಾ ಪೇಢಾ ತಿಂದು ಕೇಳಿದ:

“ಏನೋ ತಮ್ಮಾ, ನೀ ಬೆಂಗ್ಳೂರು ನೋಡಿದ್ದಿ ಏನು?”

“ನೋಡಿಲ್ಲ ಅಪ್ಪಾ. ಖರೆ ಅಂದ್ರ, ನೀ ಎಡ್ಡಿ ಐಬರಾಗ ನೋಡಿದ್ದಿ ಏನು?”

ಆ ಮಾತಿಗೆ ಇಬ್ಬರೂ ನಕ್ಕರಂತ. ನಮ್ಮ ಮನ್ಯಾಗ ಅದು ಗಾದಿ ಮಾತಾಯ್ತು. ಯಾರರೆ ನೋಡದ ಊರಿನ ಬಗ್ಗೆ ಜಂಬ ಹೊಡದ್ರ ‘ಐಬರಾಗ ನೋಡಿದ್ದಿ ಏನು’ ಅಂತ ಇವತ್ತಿಗೂ ಅಂತಾರ.

ಎರಡೂ ಟೀಮು ದಕ್ಷಿಣ ವಲಯದವು, ಹಂಗಾಗಿ ಒಂದರ ಮ್ಯಾಲ ಒಂದು ಆಡ್ತಾನೇ ಇರ್ತಿದ್ವು. 1986-87ರಾಗ ಹೈದರಾಬಾದ ದಿಲ್ಲಿಗೆ ಸೋಲಿಸಿ ಎರಡನೇ ಸಲ ರಣಜಿ ಗೆದ್ದಾಗ ಮುತ್ತ್ಯಾ ತನ್ನ ಕೈಯಾರೆ ಪೇಢಾ ತಂದ. ನಡುವ 49 ವರ್ಷ ಕಳದಿದ್ವು. 2000ದ ಏಪ್ರಿಲದಾಗ ಬೆಂಗ್ಳೂರಿನಾಗ ಸೆಮಿಫೈನಲ್. ಕರ್ನಾಟಕದ ಮ್ಯಾಲ ಹೈದರಾಬಾದದ ವಿ.ವಿ.ಎಸ್. ಲಕ್ಷ್ಮಣ್ 353 ಹೊಡದ. ಕಾಕಾ ಊಟ ಬಿಟ್ಟ. ಮುತ್ತ್ಯಾಗ 78 ವರ್ಷ, ಕಣ್ಣು ಮಂಜಾಗಿತ್ತು. ಪೇಪರ್ ನನ್ನ ಕೈಲಿ ಓದಿಸಿ, “137ಕ್ಕಿಂತ ಭಾಳ ಆಯ್ತು” ಅಂದ. ಮುಂದ ಫೈನಲ್‌ದಾಗ ಹೈದರಾಬಾದ ಮುಂಬೈಗೆ ಸೋತಿತು. ಅವತ್ತು ಕಾಕಾನೇ ಮುತ್ತ್ಯಾನ ಬಾಜೂ ಕುಂತು ಬ್ಯಾಸರ ಮಾಡ್ಕೊಂಡ.

ಇದೆಲ್ಲಾ ಹಳೀ ಕತಿ ಅಂತ ಬಿಡಬಹುದು. ಆದ್ರ ನಮ್ಮ ಅಣ್ಣನ ಮಗ ಈಗ ಭಾಲ್ಕಿಯಾಗ ಒಂದು ಕ್ಲಬ್ಬಿಗೆ ಆಡ್ತಾನ, 17 ವರ್ಷದವ. ಹೋದ ಸಲ ರಬೀ ಜ್ವಾಳ ಕೊಯ್ದು ಬಿಸಿಲು ಏರೋ ಮೊದಲು ಅವರ ಹಂಗಾಮಿನ ಕಡೀ ಪಂದ್ಯ ಇತ್ತು. ಎದುರಿಗೆ ಔರಾದದ ಹುಡುಗುರು, ಎರಡು ಕ್ರೂಸರ್ ಗಾಡಿ ತುಂಬಾ ಬಂದಿದ್ರು. ಕಡೀ ಜೋಡಿಗೆ 12 ಬೇಕಿತ್ತು. ನಮ್ಮವ ಬೌಲಿಂಗ್. ಒಂದು ಫೋರ್ ಹೋಯ್ತು, ಎರಡು ಸಿಂಗಲ್, ಕಡೀಗ ಬೋಲ್ಡ್. ಭಾಲ್ಕಿ 5 ರನ್ನಿನಿಂದ ಗೆದ್ದಿತು. ಗೆದ್ದ ಹುಡುಗುರೂ ಸೋತ ಹುಡುಗುರೂ ಒಂದೇ ಡಬ್ಬಿಯಾಗಿನ ಸುಸಲಾ ತಿಂದ್ರು.

ರಾತ್ರಿ ವೈನಿ ಕೇಳಿದಳು: “ಇವನು ಮುಂದ ಎಲ್ಲಿ ಆಡ್ಬೇಕು?” ಅದು ಸಣ್ಣ ಪ್ರಶ್ನಿ ಅಲ್ಲ. ಬೀದರದಿಂದ ಹೈದರಾಬಾದ 140 ಕಿ.ಮೀ. ಆಸುಪಾಸು, ಮುಂಜಾನಿ ಹೋಗಿ ಸಂಜಿಗೆ ಬರಬಹುದು. ಬೆಂಗ್ಳೂರು ಹತ್ರ ಹತ್ರ 700 ಕಿ.ಮೀ., ಒಂದು ರಾತ್ರಿ ಪೂರಾ. ರಾಜ್ಯ ಕ್ರಿಕೆಟ್ ಸಂಸ್ಥೆಯಾಗ ಬೀದರ ರಾಯಚೂರು ವಲಯಕ್ಕ ಬರ್ತದ. ಸೆಲೆಕ್ಷನ್ ಅಂದ್ರ ಆ ಕಡೀನೇ ಓಡಾಡ್ಬೇಕು. ಹೋಗಿ ಬರೋ ಖರ್ಚು, ಉಳಕೊಳ್ಳೋ ಜಗಾ, ತಪ್ಪೋ ಕ್ಲಾಸು, ಎಲ್ಲಾ ಮನೀ ಹಿಸಾಬಿನಾಗ ಬರ್ತದ. 1956ರಾಗ ಎಳದ ಗೆರಿ ನಮ್ಮ ಹುಡುಗನ ಕಿಟ್ ಬ್ಯಾಗಿನ ತನಕ ಬಂದದ. ಕನ್ನಡದ ರಾಜ್ಯಕ್ಕ ಬಂದದ್ದು ಒಳ್ಳೇದೇ ಆಯ್ತು, ನನ್ನ ಓದು-ಬರಹ ಅದರಿಂದಲೇ. ಆದ್ರ ಆಟದ ಮೈದಾನ ಮೊದಲು ನವಾಬರ ಶಹರದಾಗ ದೂರ ಇತ್ತು, ಈಗ ಬೆಂಗ್ಳೂರಿನಾಗ ಇನ್ನೂ ದೂರ ಅದ. ಆಯಿ ಕೇಳಿದ್ದು ಅದನ್ನೇ.

ಹಂಗಂತ 1938ರ ಕಪ್ಪು ಬಿಟ್ಟು ಕೊಡ್ಲಾಕ ನಾ ತಯಾರಿಲ್ಲ. ಹೈದರಾಬಾದದವರು ಅದನ್ನ ತಮ್ಮದು ಅಂತಾರ, ಅನ್ಲಿ. ಉದಗೀರದವರು, ನಾರಾಯಣಖೇಡದವರು ಭೀ ಅನ್ಲಿ. ಬೀದರದವರು ಯಾಕ ಅನ್ಬಾರದು? ಹಾಲಿ ಸಿಕ್ಕಾ ಎಣಿಸಿ ದಸ್ತು ಕಟ್ಟಿದವರ ಪಾಲೂ ಅದರಾಗ ಅದ, ರೈಲಿನ ದಾರಿ ಕಾಯ್ದು ಸುದ್ದಿ ಓದಿ ಕುಣದ ಹುಡುಗುರ ಪಾಲೂ ಅದ. ಪುಸ್ತಕದಾಗ 1973-74 ಇರ್ಲಿ, ಪರೀಕ್ಷಾದಾಗ ಅದನ್ನೇ ಬರೀರಿ. ಅಣ್ಣನ ಮಗನಿಗೆ ಮಾತ್ರ ನಾ ಎರಡೂ ಇಸವಿ ಹೇಳಿಕೊಟ್ಟೀನಿ, ಆಯಿ ಕೇಳಿದ ಪ್ರಶ್ನಿ ಸಮೇತ.

ನಿಮ್ಮ ಮನ್ಯಾಗ ಆಗಿನ ಕಾಲದ ಆಟದ ಮಾತು ಹೇಳೋ ಹಿರಿಯರು ಇನ್ನೂ ಇದ್ರ ಬಾಜೂ ಕುಂತು ಕೇಳ್ರಿ, ವಹಿಯಾಗ ಬರ್ದಿಡ್ರಿ. ಸ್ಕೋರು ಎಲ್ಲರೆ ಸಿಗ್ತದ. ಅದು ಯಾವ ರೈಲಿನಾಗ ಊರಿಗೆ ಬಂತು, ಯಾರು ಕುಣದ್ರು, ಯಾರು ರೊಟ್ಟಿ ಬಡೀತಾ ಬೈದ್ರು ಅನ್ನೋದು ಮತ್ತೆಲ್ಲಿಯೂ ಸಿಗಲ್ಲ.