ಕುದುರೆಯಡಿಯ ವೈರು

ವೀಣೆಯ ತಂತಿಗಳನ್ನು ಹೊತ್ತು ನಿಲ್ಲುವ ಭಾಗಕ್ಕೆ ನಾವು ಕುದುರೆ ಎನ್ನುತ್ತೇವೆ. ಪುಣೆ, ಮಿರಜ ಕಡೆಯ ಮರಾಠಿಯಲ್ಲಿ ತಂಬೂರಿಯ ಅದೇ ಭಾಗ ‘ಘೋಡಿ’. ಎಲೆಕ್ಟ್ರಿಕ್ ಗಿಟಾರಿಗೆ ಬಂದಾಗ ಅದು ಬ್ರಿಜ್ ಆಯಿತು, ಜೊತೆಗೆ ವೀಣೆಯ ಕುದುರೆಗಿಲ್ಲದ ಒಂದು ಹೊಣೆಯನ್ನೂ ಹೊತ್ತಿತು: ಅದರ ಅಡಿಯಿಂದ ಒಂದು ವೈರು ಹೊರಟು ಅರ್ಥ್ ಸೇರಬೇಕು.

ಪುಣೆಯಲ್ಲಿ ಗಿಟಾರ್ ಕಿಟ್ ಜೋಡಿಸಲು ಕೂತವರಿಗೆ ಸೋಲ್ಡರು, ವೈರು, ಮಲ್ಟಿಮೀಟರು ಎಲ್ಲ ಬುಧವಾರ ಪೇಟೆಯ ತಪಕೀರ ಗಲ್ಲಿಯಲ್ಲಿ ಸಿಗುತ್ತವೆ. ಹೆಸರಿಗೆ ನಸ್ಯದ ಓಣಿ. ಈಗ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಸಾಲು. ಕೆಲಸವೇನೋ ಚಿಕ್ಕದು. ವೈರಿನ ತುದಿ ಸುಲಿದು ಬ್ರಿಜ್ಜಿನ ಲೋಹಕ್ಕೆ ತಾಗುವಂತೆ ಕೂರಿಸಬೇಕು, ಇನ್ನೊಂದು ತುದಿಯನ್ನು ವಾಲ್ಯೂಮ್ ಪಾಟಿನ ಬೆನ್ನಿಗೆ ಬೆಸೆಯಬೇಕು. ನಡುವೆ ಬಣ್ಣದ ಪದರ ಉಳಿದರೆ ಸಂಪರ್ಕವಿಲ್ಲ.

ಈ ವೈರು ಏಕೆ ಬೇಕಾಯಿತು? ಜಾರ್ಜ್ ಬೋಷಾಂಪ್‌ಗೆ 1937ರಲ್ಲಿ ಪೇಟೆಂಟ್ ದೊರೆತ ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಎಂದರೆ ಅಯಸ್ಕಾಂತ ಮತ್ತು ತಾಮ್ರದ ಸುರುಳಿ. ಅದು ತಂತಿಯ ಕಂಪನವನ್ನು ಹಿಡಿಯುವಂತೆಯೇ ಮನೆಯ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನೂ ಹಿಡಿಯುತ್ತದೆ. ನುಡಿಸುವವರ ಮೈಯೂ ಆಂಟೆನಾದಂತೆ ಆ ಸದ್ದನ್ನು ಎಳೆದು ಗಿಟಾರಿಗೆ ದಾಟಿಸುತ್ತದೆ. ತಂತಿಗಳು ಅರ್ಥ್ ಆಗಿದ್ದರೆ, ಬೆರಳು ತಾಗಿದೊಡನೆ ಮೈಯೂ ಅರ್ಥ್ ಆಗಿ ಸದ್ದು ಇಳಿಯುತ್ತದೆ. 1955ರಲ್ಲಿ ಗಿಬ್ಸನ್ ಕಂಪನಿಯ ಸೆತ್ ಲವರ್ ರೂಪಿಸಿದ ಜೋಡಿ ಸುರುಳಿಯ ಹಂಬಕರ್ ಸುರುಳಿಯ ಪಾಲಿನ ಸದ್ದನ್ನು ತಗ್ಗಿಸಿತು. ಮೈಯ ಪಾಲಿಗೆ ಈ ವೈರೇ ಬೇಕು.

ಆದರೆ ಆ ಮೌನಕ್ಕೆ ಬೆಲೆಯಿದೆ. ವೈರು ಬೆಸೆದೊಡನೆ ನುಡಿಸುವವರು ಸರ್ಕೀಟಿನ ಭಾಗವಾಗುತ್ತಾರೆ. ಹಳೆಯ ಅಮೆರಿಕನ್ ಆಂಪ್ಲಿಫೈಯರುಗಳಿಗೆ ಎರಡೇ ಪಿನ್ನಿನ ಪ್ಲಗ್ ಇತ್ತು. ಅವುಗಳ ಪೆಟ್ಟಿಗೆಯನ್ನು ಕೆಪಾಸಿಟರ್ ಮೂಲಕ ವಿದ್ಯುತ್ ಲೈನಿಗೆ ಜೋಡಿಸುತ್ತಿದ್ದರು. ಅದು ಶಾರ್ಟ್ ಆದರೆ ಗಿಟಾರಿನ ತಂತಿಗೇ ಕರೆಂಟು. ರಿಪೇರಿಯವರು ಅದಕ್ಕಿಟ್ಟ ಹೆಸರು ‘ಡೆತ್ ಕ್ಯಾಪ್’. 1965ರ ಡಿಸೆಂಬರ್ 3ರಂದು ಸ್ಯಾಕ್ರಮೆಂಟೊದ ವೇದಿಕೆಯಲ್ಲಿ ಕೀತ್ ರಿಚರ್ಡ್ಸ್ ಅವರ ಗಿಟಾರು ಮೈಕ್ ಸ್ಟ್ಯಾಂಡಿಗೆ ತಾಗಿ ಅವರು ಪ್ರಜ್ಞೆ ತಪ್ಪಿ ಬಿದ್ದರು, ಬದುಕಿ ಉಳಿದರು. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ಲಿ ಹಾರ್ವಿ ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿದರು; ಉಳಿಯಲಿಲ್ಲ. ಅರ್ಥ್ ಆದ ತಂತಿ ಒಂದು ಕೈಯಲ್ಲಿ, ಕರೆಂಟು ಹರಿಯುವ ಲೋಹ ಇನ್ನೊಂದರಲ್ಲಿ ಇದ್ದರೆ ದಾರಿ ಎದೆಯ ಮೂಲಕವೇ.

ಹಾಗಾಗಿ ಬ್ರಿಜ್ಜಿನ ವೈರು ಗಿಟಾರಿನಲ್ಲಿ ಮುಗಿಯುವುದಿಲ್ಲ. ಅದು ಕೇಬಲ್ಲಿನ ಜಾಲರಿ, ಆಂಪ್ಲಿಫೈಯರಿನ ಪೆಟ್ಟಿಗೆ, ಪ್ಲಗ್ಗಿನ ಮೂರನೆಯ ಪಿನ್ನು, ಗೋಡೆಯೊಳಗಿನ ಹಸಿರು ವೈರು ಎಲ್ಲ ದಾಟಿ ಅಂಗಳದ ಅರ್ಥ್ ಗುಂಡಿಗೆ ಇಳಿಯುತ್ತದೆ. ನಮ್ಮ ಪ್ಲಗ್ಗಿನಲ್ಲಿ ಆ ಪಿನ್ನೇ ಉದ್ದ, ದಪ್ಪ. ಮೊದಲು ತಾಗಲಿ, ಕೊನೆಗೆ ಬಿಡಲಿ ಎಂದು. ಪುಣೆಯ ನೆಲದಡಿ ದಖ್ಖನ್ನಿನ ಕರಿಗಲ್ಲು. ಒಣ ಬಂಡೆಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹೊಯ್ಯುವ ರೂಢಿ ಅದಕ್ಕೇ. ಅರ್ಥಿಂಗಿಗೆಂದೇ ಭಾರತೀಯ ಮಾನಕವೊಂದಿದೆ, ಐಎಸ್ 3043: ಮೊದಲು 1966ರಲ್ಲಿ ಬಂದು 1987ರಲ್ಲಿ ಪರಿಷ್ಕೃತವಾಯಿತು.

ಬೆಸೆದಾದ ಮೇಲೆ ಎರಡು ಪರೀಕ್ಷೆ ಸಾಕು. ಕೇಬಲ್ ತೆಗೆದಿಟ್ಟು, ತಂತಿಗೂ ಜ್ಯಾಕಿನ ಹೊರ ಲೋಹಕ್ಕೂ ಮಲ್ಟಿಮೀಟರ್ ಹಿಡಿದರೆ ರೆಸಿಸ್ಟೆನ್ಸ್ ಬಹುತೇಕ ಸೊನ್ನೆ ತೋರಬೇಕು. ಆಮೇಲೆ ಎಲ್ಲ ಜೋಡಿಸಿ, ತಂತಿಗೂ ಮೈಕಿಗೂ ನಡುವೆ ಎಸಿ ವೋಲ್ಟೇಜ್ ನೋಡಬೇಕು. ಹತ್ತಾರು ವೋಲ್ಟು ಕಂಡರೆ ತುಟಿಯನ್ನು ಮೈಕಿನ ಬಳಿ ಒಯ್ಯಬಾರದು. ಮೊದಲು ಗೋಡೆಯ ಸಾಕೆಟ್ಟು ನೋಡುವ ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು.